ಏರಿಸುವ ದುಡ್ಡು, ಇಳಿಸುವ ದುಡ್ಡು

ಅಕ್ಟೋಬರ್ 3, ಮಂಗಳವಾರ

ರೂತಿ ಮಲಗಿದ್ದಾಳೆ. ಉಸಿರಾಡುತ್ತಿದ್ದಾಳೆ. ಈಗಷ್ಟೇ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಬಂದೆ. ಇನ್ನೆರಡು ಸಾಲು ಬರೆದ ಮೇಲೆ ಮತ್ತೆ ಎದ್ದು ಹೋಗುತ್ತೇನೆ, ನನಗೆ ಗೊತ್ತು.

ಇವತ್ತು ಕ್ಲಿನಿಕ್ಕಿನಲ್ಲಿ ನರ್ಸ್ ಅವಳನ್ನು ತೂಗಿದರು. "ನಾಲ್ಕು ತಿಂಗಳಿಗೆ ಮಗು ಗುಂಡುಗುಂಡಾಗಿದೆ. ಸೊರಗ್ತಾ ಇರೋದು ತಾಯಿ. ರಾತ್ರಿ ಮಲಗ್ತೀಯೇನಮ್ಮ?" ಎಂದರು. ಮಲಗುತ್ತೇನೆ ಎಂದೆ. ನಂಬಲಿಲ್ಲ. ನಿದ್ದೆ ಬಾರದಿದ್ದರೆ ತೋಚಿದ್ದನ್ನು ಬರೆ, ತಲೆಯೊಳಗಿನದು ಹೊರಗೆ ಬಂದರೆ ಒಳ್ಳೆಯದು ಎಂದರು. ಬರೆಯುತ್ತಿದ್ದೇನೆ. ತಲೆಯೊಳಗಿನದು ಅಲ್ಲೇ ಇದೆ.

ನನ್ನ ಗಂಡ ಓರ್ವಿಲ್ ಮೊಂಟೆಗೊ ಬೇಯ ಹೋಟೆಲಿನಲ್ಲಿ ಅಡುಗೆಯವನು. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಮಿಕ್ಕ ದಿನಗಳಲ್ಲಿ ನಾನು, ರೂತಿ, ಅವನ ತಾಯಿ ಮಿಸ್ ಐಸಿ. ಹೊಲದಿಂದ ಈರುಳ್ಳಿ ಸೊಪ್ಪಿನ ಕಟ್ಟು ಇಳಿಸಿದವರೇ ಅವರು ಮಗುವಿಗೆ ಕೈ ಚಾಚುತ್ತಾರೆ. "ಕೈ ತೊಳ್ಕೊಂಡ್ರಾ?" ಎನ್ನುತ್ತೇನೆ. ತೊಳೆದು ಬರುತ್ತಾರೆ. ಅಷ್ಟರಲ್ಲಿ ನಾನು ಮಗುವನ್ನು ಎದೆಗೆ ಹಾಕಿಕೊಂಡಿರುತ್ತೇನೆ.

ಸಂಜೆ ನೋಡಿದರೆ ರೂತಿಯ ಹಣೆಯ ಮೇಲೆ ಬಟ್ಟೆಗೆ ಹಾಕುವ ನೀಲಿಯ ಚುಕ್ಕೆ. ಮಿಸ್ ಐಸಿಯ ಕೆಲಸ, ಕಣ್ಣು ತಾಗಬಾರದಂತೆ. ಯಾವ ರಾಸಾಯನಿಕವೋ ಏನೋ. ಸೋಪು ಹಾಕಿ ಒರೆಸಿದೆ.

ಅಕ್ಟೋಬರ್ 5, ಗುರುವಾರ

ಕೋಚ್ ಲಿನ್‌ವಲ್ ಬಂದಿದ್ದರು. ಬೂಟು ಹೊರಗೇ ಬಿಟ್ಟರು; ತುಂಬ ಕರಿ ಎಣ್ಣೆ. ಕಾಲೇಜಿನ ಮೈದಾನದಲ್ಲಿ ಓಟದ ಗೆರೆ ಎಳೆಯುವುದು ಇಂದಿಗೂ ಗ್ಯಾರೇಜಿನ ಸುಟ್ಟ ಎಣ್ಣೆಯಿಂದ. ತೂತು ಕೊರೆದ ಡಬ್ಬಿ ಹಿಡಿದು ಅವರೇ ನಡೆಯುತ್ತಾರೆ. ನಾನು ಅಲ್ಲಿ ಹರ್ಡಲ್ಸ್ ಓಡುತ್ತಿದ್ದಾಗಲೂ ಹೀಗೇ ಇತ್ತು. ಅದೇ ಕಾಲೇಜಿನಲ್ಲಿ ಈಗ ಇಂಗ್ಲಿಷ್ ಕಲಿಸುತ್ತೇನೆ, ಅಂದರೆ ಹೆರಿಗೆ ರಜೆ ಮುಗಿದ ಮೇಲೆ ಕಲಿಸಬೇಕು.

"ರಶೆಲ್ ಬಿದ್ಲು," ಎಂದರು. "ಮೇಕೆ ಗೂಟ ಕಿತ್ತ ಗುಂಡಿ. ಹರ್ಡಲ್ ದಾಟಿ ಕಾಲಿಟ್ಟಿದ್ದು ಸೀದಾ ಅದರೊಳಗೆ. ಪಾದ ಊದಿ ಬೇರುಹಲಸಾಗಿದೆ."

"ಯಾರ ಮೇಕೆ?"

"ಊರೆಲ್ಲ ಕೇಳ್ದೆ. ಯಾರ ಹತ್ರಾನೂ ಮೇಕೆನೇ ಇಲ್ವಂತೆ. ಮೈದಾನದಲ್ಲಿ ಮಾತ್ರ ಒಂದು ಹಿಂಡು ಮೇಯ್ತಾ ಇದೆ."

ನಗು ಬಂತು, ಆದರೆ ಅವರು ನಗಲಿಲ್ಲ. ರಶೆಲ್ ಈಗ ಕಾಲೇಜಿನ ಅತ್ಯಂತ ವೇಗದ ಹುಡುಗಿ. ಅವಳು ಬಿದ್ದ ಮೇಲೆ ಪ್ರಾಂಶುಪಾಲೆ ಮಿಸೆಸ್ ಹಿಬರ್ಟ್ ತೀರ್ಮಾನ ಹೇಳಿಬಿಟ್ಟಿದ್ದಾರೆ: ಕ್ರಿಸ್‌ಮಸ್ ಕಳೆದ ಮೇಲೆ ಆ ನೆಲದಲ್ಲಿ ಯಾರೂ ಓಡುವಂತಿಲ್ಲ. ರಬ್ಬರ್ ಹಾಸಿನ ಅಭ್ಯಾಸದ ಪಟ್ಟಿ ಬೇಕು, ಮೂರು ಸಾಲಿನದು, ಅರವತ್ತು ಮೀಟರಿನದು. ಗುತ್ತಿಗೆದಾರ ಕೇಳುವುದು ನಮ್ಮ ದ್ವೀಪದ ಡಾಲರಿನಲ್ಲಿ ನಲವತ್ತು ಲಕ್ಷ. ಅರ್ಧ ನಾವು ಎತ್ತಿದರೆ ಇನ್ನರ್ಧ ಟೊರೊಂಟೊದ ಹಳೆಯ ವಿದ್ಯಾರ್ಥಿಗಳದು. ನವೆಂಬರ್ 30ರೊಳಗೆ ನಮ್ಮ ಅರ್ಧ ಕಾಣಿಸದಿದ್ದರೆ ತಂಡವೇ ಇಲ್ಲ. ತಂಡ ಇಲ್ಲದಿದ್ದರೆ ಓಟದ ಬಲದಿಂದ ಶುಲ್ಕ ಮಾಫಿ ಪಡೆದ ಐದು ಹುಡುಗಿಯರು ಮನೆಗೆ. ರಶೆಲ್ ಮೊದಲು.

ನಾನೂ ಅದೇ ಮಾಫಿಯಲ್ಲಿ ಓದಿದವಳು. ಇಲ್ಲದಿದ್ದರೆ ಮಿಸ್ ಐಸಿಯ ಪಕ್ಕ ಕೂತು ಸೊಪ್ಪು ಕಟ್ಟುತ್ತಿದ್ದೆ.

"ದುಡ್ಡು ಎತ್ತೋ ಸಮಿತಿಗೆ ಕಾರ್ಯದರ್ಶಿ ಆಗ್ತೀನಿ ಅಂತ ನೀನು ಹೋದ ವರ್ಷ ಒಪ್ಕೊಂಡಿದ್ದೆ," ಎಂದು ನೆನಪಿಸಿದರು. ಆಗ ರೂತಿ ಇರಲಿಲ್ಲ, ನಾನು ಬೇರೆ ಹೆಣ್ಣಾಗಿದ್ದೆ ಎನ್ನಬೇಕೆಂದುಕೊಂಡೆ. ಹೂಂ ಎಂದುಬಿಟ್ಟೆ. ರೂತಿಯನ್ನು ನೋಡಿ ಬರುತ್ತೇನೆ.

ಉಸಿರಾಡುತ್ತಿದ್ದಾಳೆ.

ಅಕ್ಟೋಬರ್ 14, ಶನಿವಾರ

ಮ್ಯಾಂಡೆವಿಲ್‌ನ ಹೋಟೆಲಿನಲ್ಲಿ ಔತಣಕೂಟ ಎಂದು ನಿಶ್ಚಯಿಸಿದೆ, ಬರುವ ಶನಿವಾರ. ಬಿಳಿ ಮೇಜುಬಟ್ಟೆ, ಪಿಟೀಲು ನುಡಿಸುವವರು, ಟಿಕೆಟ್ಟಿಗೆ ಎಂಟು ಸಾವಿರ. ದೊಡ್ಡ ಕಾಲೇಜುಗಳು ಹೀಗೇ ಎತ್ತುತ್ತವೆ. ಟಿಕೆಟ್ ಅಚ್ಚಾಗಿ ಬಂದಿದೆ, ಅಂಚಿಗೆ ಚಿನ್ನದ ಬಣ್ಣ, ಬಹಳ ಚೆನ್ನಾಗಿದೆ.

ಮಧ್ಯಾಹ್ನ ಮಿಸ್ ಐಸಿ ಬಂದು, "ಮಾಸ್ ಎಗ್ಬರ್ಟ್ ಹೋದ್ರಂತೆ, ಗುರುವಾರ," ಎಂದರು. ಮೂವತ್ತು ವರ್ಷ ಈ ಊರಿನ ಬಸ್ಸು ಓಡಿಸಿದವರು. ಅಯ್ಯೋ ಪಾಪ ಎಂದೆ.

"ಪಾಪ ಇರ್ಲಿ. ಬೆರಳಲ್ಲಿ ಎಣಿಸಿ ನೋಡು. ಒಂಬತ್ತನೇ ರಾತ್ರಿ ಯಾವತ್ತು ಬರುತ್ತೆ?"

ಊರೆಲ್ಲ ಸತ್ತವರ ಅಂಗಳದಲ್ಲಿ ಸೇರಿ ಹಾಡುವ ರಾತ್ರಿ ಅದು. ಎಣಿಸಿದೆ. ಶನಿವಾರ.

"ಮುಂದಕ್ಕೆ ಹಾಕು, ಹುಡುಗಿ. ಸತ್ತ ಮನೆ ಅಂಗಳ ಬಿಟ್ಟು ಯಾರೂ ಬರಲ್ಲ."

"ಟಿಕೆಟ್ ಅಚ್ಚಾಗಿದೆ, ಮಿಸ್ ಐಸಿ. ಹೋಟೆಲಿಗೆ ಮುಂಗಡ ಕೊಟ್ಟಾಗಿದೆ. ಟಿಕೆಟ್ ಕೊಂಡವರು ಓದಿದವರು."

"ಓದಿದೋರೂ ಆ ಬಸ್ಸಲ್ಲೇ ಹೋಗಿ ಓದಿದ್ದು," ಎಂದು ಸೊಪ್ಪಿನ ಕಡೆ ತಿರುಗಿದರು.

ಅಕ್ಟೋಬರ್ 22, ಭಾನುವಾರ

ಅವರು ಹೇಳಿದ ಹಾಗೇ ಆಯಿತು. ಇಪ್ಪತ್ತು ಮೇಜು ಹಾಕಿಸಿದ್ದೆ. ನಾಲ್ಕು ತುಂಬಿದವು, ಅದರಲ್ಲೊಂದು ಪಿಟೀಲಿನವರದೇ. ಟಿಕೆಟ್ ಕೊಂಡವರು ಕೂಡ ಬರಲಿಲ್ಲ. ಒಬ್ಬರು ಫೋನು ಮಾಡಿ, "ಟೀಚರ್, ಮಾಸ್ ಎಗ್ಬರ್ಟ್ ನಮ್ಮಮ್ಮನ ಹೆರಿಗೆಗೆ ಆಸ್ಪತ್ರೆವರೆಗೆ ಬಸ್ಸು ತಿರುಗಿಸಿದೋರು. ಅಲ್ಲಿ ಹಾಡ್ತಾ ಇದೀವಿ. ನೀವೇ ಇಲ್ಲಿಗೆ ಬನ್ನಿ, ಮೇಕೆ ಸಾರಿದೆ," ಎಂದರು. ಹಿಂದೆ ಡ್ರಮ್ಮು, ನಗು, ಡಾಮಿನೋ ಆಟದ ಕಾಯಿ ಕುಟ್ಟುವ ಸದ್ದು.

ಹೋಟೆಲಿನ ಬಾಕಿ ತೀರಿಸಿದ ಮೇಲೆ ಮೈಮೇಲೆ ಬಿದ್ದ ನಷ್ಟ ತೊಂಬತ್ತು ಸಾವಿರ. ಕೋಚ್ ಉಳಿದ ಕೋಳಿಯನ್ನು ಡಬ್ಬಿಗೆ ತುಂಬಿ ಹುಡುಗಿಯರಿಗೆ ಒಯ್ದರು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಇಡೀ ಸಂಜೆ ನಾನು ಮೇಜಿನಿಂದ ಮೇಜಿಗೆ ಹೋಗುವಾಗ ರೂತಿ ನನ್ನ ಎದೆಗೆ ಕಟ್ಟಿದ ಬಟ್ಟೆಯಲ್ಲೇ ಇದ್ದಳು. ಮಿಸ್ ಐಸಿ ನೋಡಿಕೊಳ್ಳುತ್ತೇನೆ ಎಂದಿದ್ದರು. ಬೇಡ ಎಂದಿದ್ದೆ.

ಅಕ್ಟೋಬರ್ 23, ಸೋಮವಾರ

ಏನೂ ಬರೆಯಲಾರೆ. ಉಸಿರಾಡುತ್ತಿದ್ದಾಳೆ.

ನವೆಂಬರ್ 2, ಗುರುವಾರ

ರಶೆಲ್ ಊರುಗೋಲು ಹಿಡಿದು ಬಂದಿದ್ದಳು. ನನ್ನ ಮುಖ ನೋಡದೆ, "ಟೀಚರ್, ಜನವರಿಯಲ್ಲಿ ಅತ್ತೆ ಅಂಗಡೀಲಿ ಕೆಲಸಕ್ಕೆ ಕರೀತಿದಾರೆ. ಬರ್ತೀನಿ ಅಂತ ಹೇಳ್ಬಿಡ್ಲಾ?" ಎಂದಳು. ಹಿತ್ತಲಲ್ಲಿ ಸೊಪ್ಪು ಕಟ್ಟುತ್ತಿದ್ದ ಮಿಸ್ ಐಸಿ ಅಲ್ಲಿಂದಲೇ ಕೂಗಿದರು: "ಹೇಳ್ಬೇಡ. ಇನ್ನೂ ನವೆಂಬರ್ ಇದೆ."

ಅವಳು ಹೋದ ಮೇಲೆ ನನ್ನ ಮೇಲೆ ಹರಿಹಾಯ್ದರು. "ಹೋಟೆಲಂತೆ, ಪಿಟೀಲಂತೆ. ನಮ್ಮ ಚರ್ಚಿಗೆ ಚಾವಣಿ ಬಂದಿದ್ದು ಹೇಗೆ ಗೊತ್ತಾ? ಏರಿಸೋದು ಇಳಿಸೋದು ಮಾಡಿ."

ಅಜ್ಜಿ ಹೇಳಿದ್ದು ಕೇಳಿದ್ದೆ, ಕಂಡಿರಲಿಲ್ಲ.

"ಒಬ್ಬ ವೇದಿಕೆ ಹತ್ತಿ ಹಾಡೋಕೆ ನಿಲ್ತಾನೆ. ಅವನನ್ನ ಏರಿಸೋಕೆ ಒಬ್ರು ದುಡ್ಡು ಕೊಡ್ತಾರೆ. ಸಾಕಪ್ಪ ಇಳಿಸಿ ಅಂತ ಇನ್ನೊಬ್ರು ಅದಕ್ಕಿಂತ ಜಾಸ್ತಿ ಕೊಡ್ತಾರೆ. ಇಳಿದೋನು ಕೂತೇ ಇರ್ಬೇಕು, ಮತ್ತೆ ಯಾರಾದ್ರೂ ಕೊಟ್ಟು ಏರಿಸೋವರೆಗೆ. ಏರಿಸೋ ದುಡ್ಡು, ಇಳಿಸೋ ದುಡ್ಡು, ಎರಡೂ ಬೀಳೋದು ಒಂದೇ ತಟ್ಟೆಗೆ."

"ಇಳಿದವರಿಗೆ ಅವಮಾನ ಅಲ್ವಾ?"

"ಆಗ್ಬೇಕು. ಅವಮಾನ ಆದೋನ ಅಣ್ಣ ಎದ್ದು ಇನ್ನೂ ಜಾಸ್ತಿ ಕೊಡ್ತಾನೆ."

ಕಾಲೇಜಿನ ಹೆಸರಲ್ಲಿ ಇಂಥ ಗದ್ದಲ ಸರಿಯೇ? ಕೋಚ್‌ಗೆ ಫೋನು ಮಾಡಿದೆ, ಅವರು ಬೇಡ ಎನ್ನುತ್ತಾರೆಂದು. "ನಮ್ಮಪ್ಪನ್ನ ಹಾಗೆ ಇಳಿಸಿದ್ರು. ಸಾಯೋವರೆಗೂ ಅದನ್ನೇ ಹೇಳ್ತಿದ್ದ. ಮಾಡೋಣ," ಎಂದರು.

ಹಣೆಯ ನೀಲಿ ಒರೆಸಿದೆ. ಅವಸರದಲ್ಲಿ ಸ್ವಲ್ಪ ಉಳಿಯಿತು.

ನವೆಂಬರ್ 10, ಶುಕ್ರವಾರ

ಚರ್ಚಿನ ಸಭಾಂಗಣ ಸಿಕ್ಕಿತು, ಹದಿನೆಂಟನೆಯ ತಾರೀಕು, ಮಧ್ಯಾಹ್ನ ಮೂರಕ್ಕೆ. ಈ ಸಲ ಮೊದಲು ಮಿಸ್ ಐಸಿಯನ್ನು ಕೇಳಿದೆ: ಆ ವಾರ ಯಾರಾದರೂ ಸಾಯುವ ಹಾಗಿದ್ದಾರಾ? ಯೋಚಿಸಿ, "ಮಾಸ್ ರ‍್ಯಾನ್ನಿಗೆ ಕೆಮ್ಮಿದೆ. ಆದ್ರೆ ಗಂಟೆ ಹಿಡಿದು ಅಧ್ಯಕ್ಷತೆ ಮಾಡೋದು ಅವನೇ. ಅಲ್ಲಿವರೆಗೂ ಸಾಯಲ್ಲ," ಎಂದರು.

ಇಂದು ಬೆಳಿಗ್ಗೆ ಮನೆಮನೆ ತಿರುಗಿದೆ. ಇಂಗ್ಲೆಂಡಿನಲ್ಲಿ ದುಡಿದು ಬಂದು ಗುಡ್ಡದ ಮೇಲೆ ಮನೆ ಕಟ್ಟಿಸಿರುವ ಮಿಸ್ಟರ್ ಬೆಕ್‌ಫರ್ಡ್ ಬಳಿಗೂ ಹೋದೆ. ಅವರ ಗೇಟಿನ ಮುಂದೆ ಎರಡು ಸಿಂಹ. "ದಾನ ಗೀನ ಅಂತ ಬಂದಿದ್ರೆ ನನ್ನ ಹತ್ರ ಇಲ್ಲ," ಎಂದರು. ಸುಮ್ಮನೆ ನೋಡೋಕೆ ಬನ್ನಿ ಎಂದೆ. "ನೋಡೋಕಾದ್ರೆ ಬರ್ತೀನಿ. ನೋಡೋದು ಪುಕ್ಕಟೆ ತಾನೇ?"

ಬಿಸಿಲು ಜೋರಿತ್ತು, ರೂತಿಯನ್ನು ಕರೆದೊಯ್ಯಲಾಗಲಿಲ್ಲ. ಎರಡು ತಾಸು ಮಿಸ್ ಐಸಿಯ ಬಳಿ ಬಿಟ್ಟಿದ್ದೆ. ಐದು ಸಲ ಫೋನು ಮಾಡಿದೆ. ಕೊನೆಯ ಸಲ ಅವರು ಎತ್ತಲೇ ಇಲ್ಲ. ಓಡಿ ಬಂದರೆ ಇಬ್ಬರೂ ಜಗಲಿಯ ಮೇಲೆ ನಿದ್ದೆ, ಒಂದೇ ತಾಳದಲ್ಲಿ ಗೊರಕೆ. ಮೂಗಿಗೆ ಬೆರಳಿಟ್ಟೆ. ಮಿಸ್ ಐಸಿ ಕಣ್ಣು ಮುಚ್ಚಿಕೊಂಡೇ, "ನನ್ನದೂ ನೋಡ್ಬಿಡು," ಎಂದರು.

ಭಾಷಣ ಬರೆಯಬೇಕು. ಎರಡು ಪುಟ ಸಾಕು.

ನವೆಂಬರ್ 19, ಭಾನುವಾರ

ಎಲ್ಲಿಂದ ಶುರು ಮಾಡಲಿ? ಸಭಾಂಗಣದಿಂದಲೇ ಮಾಡುತ್ತೇನೆ. ಕಿಟಕಿಗಳಲ್ಲೂ ಜನ. ಮಾಸ್ ರ‍್ಯಾನ್ನಿ ಮದುವೆಯ ಕೋಟು ಹಾಕಿಕೊಂಡು, ಶಾಲೆಯ ಗಂಟೆ ಹಿಡಿದು, ಮುಂದೆ ಎನಾಮಲ್ ಬೋಗುಣಿ ಇಟ್ಟುಕೊಂಡು ಕೂತಿದ್ದರು. ಮೊದಲು ಪಾದ್ರಿಗಳು ಹಾಡಿದರು. ಪಾದ್ರಿಗಳನ್ನು ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ, ಪೂರ್ತಿ ಕೇಳಬೇಕಾಯಿತು. ಕೋಚ್ ಪದ್ಯ ಓದಲು ನಿಂತರೆ ಎರಡನೇ ಸಾಲಿಗೇ ಅವರ ಹುಡುಗಿಯರು ಚಿಲ್ಲರೆ ಕೂಡಿಸಿ ಇಳಿಸಿದರು. "ದಿನಾ ನಮ್ಮನ್ನ ಓಡಿಸ್ತೀರಲ್ಲ, ಇವತ್ತು ಕೂತ್ಕೊಳ್ಳಿ," ಎಂದಳು ರಶೆಲ್.

ನೋಡಲು ಬಂದಿದ್ದ ಮಿಸ್ಟರ್ ಬೆಕ್‌ಫರ್ಡ್ ಅವರನ್ನು ಯಾರೋ ಇನ್ನೂರು ಕೊಟ್ಟು ಏರಿಸಿಬಿಟ್ಟರು. ಬರ್ಮಿಂಗ್‌ಹ್ಯಾಮಿನ ಚಳಿಯ ಬಗ್ಗೆ ಅವರು ಶುರು ಮಾಡಿದ್ದೇ ತಡ, ನಾಲ್ಕು ಮೂಲೆಯಿಂದ ಇಳಿಸುವ ದುಡ್ಡು ಬಂತು. ಕೆಂಪಗಾಗಿ, ತಮ್ಮನ್ನು ತಾವೇ ಏರಿಸಿಕೊಳ್ಳಲು ಮೂರು ಸಾವಿರ ಇಟ್ಟರು. ನೋಡುವುದು ಪುಕ್ಕಟೆಯಾಗಲಿಲ್ಲ.

ಆಮೇಲೆ ರಶೆಲ್, "ಟೀಚರನ್ನ ಏರಿಸೋಕೆ ನೂರು," ಎಂದಳು.

ಕಾಗದ ಹಿಡಿದು ನಿಂತೆ. ಮೂಲಸೌಕರ್ಯದ ಕೊರತೆ ಎಂಬಲ್ಲಿಗೆ ಬಂದಿದ್ದೆ, ಗಂಟೆ ಬಾರಿಸಿತು. "ಟೀಚರನ್ನ ಇಳಿಸೋಕೆ ಐನೂರು," ಎಂದರು ಮಾಸ್ ರ‍್ಯಾನ್ನಿ. "ಕೊಟ್ಟೋರು, ಮಿಸ್ ಐಸಿ."

ಹಿಂದಿನ ಸಾಲಿನಲ್ಲಿ, ರೂತಿಯನ್ನು ಹೆಗಲಿಗೆ ಹಾಕಿಕೊಂಡು, ನನ್ನ ಅತ್ತೆ. ಸಭೆ ಬಿದ್ದು ಬಿದ್ದು ನಕ್ಕಿತು. ಕೂತೆ. ಕಿವಿ ಉರಿಯುತ್ತಿತ್ತು. ಮನೆಯಲ್ಲಿ ನನ್ನ ಬಗ್ಗೆ ಅವರಿಗಿರುವ ಅಭಿಪ್ರಾಯ ಈಗ ಊರಿಗೇ ಗೊತ್ತಾಯಿತು ಎಂದುಕೊಂಡೆ.

"ಅನ್ಯಾಯ ಇದು," ಎಂದರು ಮಿಸ್ಟರ್ ಬೆಕ್‌ಫರ್ಡ್. "ಹುಡುಗಿ ಮಾತಾಡ್ಲಿ. ಸಾವಿರ." ಎದ್ದೆ. ಒಂದು ವಾಕ್ಯ ಓದಿದೆ. "ಸಾವಿರದೈನೂರು, ಇಳಿಸಿ," ಮಿಸ್ ಐಸಿ. ಬೆಕ್‌ಫರ್ಡ್ ಮೂರು ಸಾವಿರ. ಮಿಸ್ ಐಸಿ ಮೂರೂವರೆ. ಏಳುವುದು, ಕೂರುವುದು. ಸಭೆ ಎರಡು ಪಕ್ಷವಾಯಿತು: ಕಟುಕನ ಅಂಗಡಿಯವರು ಏರಿಸುವ ಕಡೆ, ಚರ್ಚಿನ ಗಾಯಕರ ಸಾಲು ಇಳಿಸುವ ಕಡೆ. ಬೋಗುಣಿ ತುಂಬಿ ಇನ್ನೊಂದು ತಂದರು. ನನಗೆ ಅದು ಯಾವುದೂ ಕಾಣುತ್ತಿರಲಿಲ್ಲ. ಅವರ ಕೈ ಮತ್ತೆ ಮೇಲೇಳುವುದಷ್ಟೇ ಕಾಣುತ್ತಿತ್ತು.

ಕೊನೆಯ ಸಲ ಇಳಿಸಿದಾಗ ಕೂರಲಿಲ್ಲ. "ನಾನು ಕೂರಲ್ಲ," ಎಂದೆ. ಕಾಗದ ಎಲ್ಲೋ ಬಿತ್ತು. "ಆ ನೆಲದಲ್ಲಿ ನಾನು ಓಡಿದೀನಿ. ಬಿದ್ರೆ ಮಂಡಿಗೆ ಹತ್ತಿದ ಕೆಂಪು ಮಣ್ಣು ವಾರಗಟ್ಟಲೆ ಹೋಗಲ್ಲ. ನಿಮ್ಮ ಮೇಕೆಗಳಿಗೆ ನನ್ನ ಹೆಸರು ಗೊತ್ತಿತ್ತು. ಇಲ್ಲಿ ಯಾರ ಹತ್ರಾನೂ ಮೇಕೆ ಇಲ್ಲ ಅಂತ ನಂಗೂ ಗೊತ್ತು." ನಗು ಎದ್ದಿತು, ನಾನು ನಿಲ್ಲಿಸಲಿಲ್ಲ. "ನಂಗೆ ಡಿಗ್ರಿ ಕೊಟ್ಟಿದ್ದು ಪುಸ್ತಕ ಅಲ್ಲ, ಆ ಸುಟ್ಟ ಎಣ್ಣೆ ಗೆರೆ. ರಶೆಲ್ ನನಗಿಂತ ವೇಗ. ಅವಳನ್ನ ಅಂಗಡಿ ಗಲ್ಲಾದಲ್ಲಿ ಕೂರಿಸ್ತೀರಾ? ನಾಳೆ ನನ್ನ ಮಗಳು ಓಡ್ತೀನಿ ಅಂದ್ರೆ ಎಲ್ಲಿ ಓಡು ಅನ್ಲಿ?"

ಮಾಸ್ ರ‍್ಯಾನ್ನಿ ಕೆಮ್ಮಿ, ಗಂಟೆ ಬಾರಿಸಿದರು. "ಚೆನ್ನಾಗಿತ್ತು. ಆದ್ರೆ ದುಡ್ಡಿಲ್ಲದೆ ಮಾತಾಡಿದ ತಪ್ಪಿಗೆ ದಂಡ. ಏನು ಹಾಕೋಣ?"

"ಹಾರ್ಲಿ," ಎಂದರು ಕೋಚ್. ಬೆಂಚೊಂದನ್ನು ತಂದು ನಡುವೆ ಅಡ್ಡ ಇಟ್ಟೇಬಿಟ್ಟರು.

"ಹಾರಿಸೋಕೆ ಐದು ಸಾವಿರ," ಕಟುಕನ ಅಂಗಡಿಯಿಂದ.

ಈಗ ಮಿಸ್ಟರ್ ಬೆಕ್‌ಫರ್ಡ್ ಎದ್ದರು. "ಮೊನ್ನೆ ಹೆತ್ತ ಹುಡುಗಿ, ಬಿದ್ರೆ ಗತಿಯೇನು? ಬೇಡ. ತಡೆಯೋಕೆ ಹದಿನೈದು ಸಾವಿರ."

ಕಟುಕನ ಅಂಗಡಿಯವರು ಜೇಬು ತಡಕಿ ಕೈಬಿಟ್ಟರು. ನನಗೆ, ಸದ್ಯ, ಎನ್ನಿಸಿತು. ಕೂರಲು ಹೊರಟೆ.

"ನನ್ನ ಸೊಸೆ ಬೀಳಲ್ಲ," ಎಂದರು ಮಿಸ್ ಐಸಿ. ಎದ್ದು ನಿಂತಿದ್ದರು. "ಇಪ್ಪತ್ತು. ಹಾರ್ಲಿ."

ಚಪ್ಪಲಿ ಬಿಟ್ಟೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ, ಪಾದ್ರಿಗಳು ಚಾವಣಿ ನೋಡಿದರು. ಓಡಿದ್ದು ನೆನಪಿಲ್ಲ. ಮುಂಗಾಲು ಹೋದದ್ದು, ಹಿಂಗಾಲು ತಾನಾಗಿಯೇ ಮಡಿಸಿಕೊಂಡು ಬಂದದ್ದು ನೆನಪಿದೆ. ಈ ಮೈ ನನ್ನದೇ ಇನ್ನೂ. ಆಚೆ ಇಳಿದಾಗ ಮೊಲೆಹಾಲು ಸೋರಿ ರವಿಕೆ ಒದ್ದೆಯಾಗಿತ್ತು, ನಾನು ನಗುತ್ತಿದ್ದೆ.

ಮನೆಗೆ ನಡೆಯುವಾಗ ಕೇಳಿದೆ. "ನನ್ನನ್ನ ಯಾಕೆ ಇಳಿಸಿದ್ರಿ?"

"ಬೆಕ್‌ಫರ್ಡ್ ಹತ್ರ ದುಡ್ಡೂ ಇದೆ, ಹಠಾನೂ ಇದೆ. ದುಡ್ಡು ಹಠದ ಹಿಂದೇನೇ ಬರೋದು. ಮತ್ತೆ ನೀನು ಆ ಕಾಗದ ಓದ್ತಿದ್ದೆ ನೋಡು, ಅದು ಮಾತಲ್ಲ. ನಿನ್ನ ಬಾಯಿಂದ ಮಾತು ಹೊರಡಿಸೋಕೆ ನಂಗೆ ಸ್ವಲ್ಪ ಖರ್ಚಾಯ್ತು."

"ಸೊಪ್ಪಿನ ದುಡ್ಡು ಪೂರ್ತಿ ಹೋಯ್ತಲ್ಲ."

"ಸೊಪ್ಪು ಮತ್ತೆ ಬೆಳೆಯುತ್ತೆ. ಮಗೂನ ನಾನೇ ಎತ್ಕೋತೀನಿ, ನೀನು ಕುಂಟ್ತಾ ಇದೀಯ."

ಎತ್ತಿಕೊಂಡೇ ಬಂದರು. ಇದನ್ನು ಭಾನುವಾರ ಹತ್ತು ಗಂಟೆಗೆ ಬರೆಯುತ್ತಿದ್ದೇನೆ. ಚರ್ಚಿಗೆ ತಡವಾಯಿತು. ಯಾರೂ ಎಬ್ಬಿಸಲಿಲ್ಲ.

ನವೆಂಬರ್ 30, ಗುರುವಾರ

ಕೊನೆಯ ದಿನ. ಬೋಗುಣಿಗಳ ದುಡ್ಡಿನ ಜೊತೆ ಪರದೇಶದಲ್ಲಿರುವ ಊರಿನವರು ಫೋನಿನಲ್ಲಿ ಕಳಿಸಿದ ಲಕ್ಷಗಳೂ ಸೇರಿ, ನಮ್ಮ ಇಪ್ಪತ್ತು ಲಕ್ಷಕ್ಕೆ ಇನ್ನೂ ಮೂವತ್ತೈದು ಸಾವಿರ ಕಡಿಮೆ. ಕೋಚ್ ಜೊತೆ ಪ್ರಾಂಶುಪಾಲೆಯ ಕೋಣೆಗೆ ಹೋದೆ. ಮಿಸೆಸ್ ಹಿಬರ್ಟ್ ಕನ್ನಡಕ ತೆಗೆದು, "ಅವತ್ತು ನಾನೂ ಬಂದಿದ್ದೆ. ಮೂರನೇ ಸಾಲು. ನನ್ನನ್ನ ಯಾರೂ ಏರಿಸಲೇ ಇಲ್ಲ," ಎಂದರು. ನಿಜವಾಗಿಯೂ ಬೇಸರವಾಗಿತ್ತು ಅವರಿಗೆ.

ಕೋಚ್ ಜೇಬಿನಿಂದ ನೂರರ ನೋಟು ತೆಗೆದು ಮೇಜಿನ ಮೇಲಿಟ್ಟರು. "ಮೇಡಂ ಅವರನ್ನ ಏರಿಸೋಕೆ."

ಅವರು ಎದ್ದು ನಿಂತು, ಬಾಗಿಲು ಮುಚ್ಚಿ ಬಂದು, ಇಡೀ ಸ್ತೋತ್ರ ಹಾಡಿದರು. ಧ್ವನಿ ಅಷ್ಟು ಚೆನ್ನಾಗಿರಲಿಲ್ಲ. ಕೋಚ್ ಇನ್ನೊಂದು ಹಾಡು ಕೇಳಲು ಮತ್ತೆ ಜೇಬಿಗೆ ಕೈ ಹಾಕಿದಾಗ ಹೇಳಿದರು: "ಬೇಡ. ನಿನ್ನನ್ನ ಈ ಕೋಣೆಯಿಂದ ಇಳಿಸೋಕೆ ಎಷ್ಟು ಬೇಕು ಹೇಳು, ಲಿನ್‌ವಲ್." ಕಡಿಮೆ ಬಿದ್ದಷ್ಟಕ್ಕೂ ಚೆಕ್ ಬರೆದುಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ರಶೆಲ್ ಕಾಯುತ್ತಿದ್ದಳು, ಊರುಗೋಲಿಲ್ಲದೆ. "ಅತ್ತೆಗೆ ಏನು ಹೇಳ್ಲಿ?" ಎಂದಳು. ಬೇರೆಯವರನ್ನು ಹುಡುಕಿಕೊಳ್ಳಲು ಹೇಳು ಎಂದೆ.

ಜನವರಿ 13, ಶನಿವಾರ

ಬಹಳ ದಿನದಿಂದ ಬರೆದಿಲ್ಲ. ಬರೆಯಲು ಪುರುಸೊತ್ತು ಸಿಗುತ್ತಿದ್ದುದು ರಾತ್ರಿ. ಈಗೀಗ ರಾತ್ರಿ ಕಣ್ಣು ಎಳೆಯುತ್ತದೆ.

ಇಂದು ಪಟ್ಟಿ ತೆರೆದರು. ಕೆಂಪು ಮಣ್ಣಿನ ನಡುವೆ ನೀಲಿ ರಬ್ಬರು, ಅದರ ಮೇಲೆ ಬಿಳಿ ಗೆರೆ. ಕೋಚ್ ಎಣ್ಣೆಯ ಡಬ್ಬಿಯನ್ನು ತಂದಿದ್ದರು, ಅಭ್ಯಾಸಬಲ. ಏನು ಮಾಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು. ಸುತ್ತ ಬೇಲಿ. ಬೇಲಿಯಾಚೆ ಯಾರದೂ ಅಲ್ಲದ ಮೇಕೆಗಳು ಸಾಲಾಗಿ ನಿಂತು ನೋಡುತ್ತಿದ್ದವು. ಮಿಸ್ಟರ್ ಬೆಕ್‌ಫರ್ಡ್ ಬರ್ಮಿಂಗ್‌ಹ್ಯಾಮಿನ ಚಳಿಯ ಬಗ್ಗೆ ಕೊನೆಗೂ ಮಾತಾಡಿದರು, ಯಾರೂ ಇಳಿಸಲಿಲ್ಲ. ಅರ್ಧಕ್ಕೆ ಅವರೇ ಅನುಮಾನಗೊಂಡು ನಿಲ್ಲಿಸಿದರು.

ಮೊದಲು ರಶೆಲ್ ಓಡಿದಳು. ಹರ್ಡಲ್ ದಾಟಿ ಕಾಲಿಡುವ ಕ್ಷಣ ನೆಲ ನೋಡಲಿಲ್ಲ. ಅಷ್ಟೇ ಸಾಕಿತ್ತು ನನಗೆ. ಆಮೇಲೆ ಎಲ್ಲರೂ ಬರಿಗಾಲಲ್ಲಿ ಇಳಿದರು, ಮಾಸ್ ರ‍್ಯಾನ್ನಿ ಕೂಡ. ನಾನು ಮೂರು ಸಲ ಓಡಿದೆ. ಮೂರನೆಯದಕ್ಕೆ ಕೋಚ್, "ಹಿಂಗಾಲು ಸೋಮಾರಿ ಆಗಿದೆ, ಸೋಮವಾರ ಐದಕ್ಕೆ ಬಾ," ಎಂದರು. ಹೋಗಬೇಕು. ಓರ್ವಿಲ್ ನಗುತ್ತಾನೆ, ನಗಲಿ.

ಹೊರಡುವಾಗ ರೂತಿಯ ಹಣೆಗೆ ನಾನೇ ಅವಸರದಲ್ಲಿ ನೀಲಿ ಹಚ್ಚಿದ್ದರಿಂದ ಚುಕ್ಕೆ ಸೊಟ್ಟಗಾಗಿತ್ತು. ಅಷ್ಟು ಜನರ ಕಣ್ಣಿರುವ ಕಡೆ ಚುಕ್ಕೆಯಿಲ್ಲದೆ ಕರೆದೊಯ್ಯಲು ಮನಸ್ಸಾಗಲಿಲ್ಲ. ನಾಳೆ ಸರಿಯಾಗಿ ಹಚ್ಚಬೇಕು.

ನಾನು ಓಡುವಾಗ ರೂತಿ ಯಾರ ಕೈಯಲ್ಲಿದ್ದಳೋ, ಈಗ ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ವಾಪಸು ಬಂದಾಗ ಅವಳ ತಲೆಯಲ್ಲಿ ಈರುಳ್ಳಿ ಸೊಪ್ಪು ಘಮಗುಡುತ್ತಿತ್ತು.